ಒತ್ತು

ವುಲಂಗಾಂಗ್ ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ
ಇಪ್ಪತ್ತು ಡಾಲರಿನ ಕೂಪನ್ನಿಗೆ
ನಾಲಿಗೆಯನ್ನು ಒಂದು ಗಂಟೆ ಬಾಡಿಗೆಗೆ ಕೊಟ್ಟೆ.

ಮೂಗುಬೊಟ್ಟಿನ ಹುಡುಗಿ, ಹೆಟ್ಟಿ ಅಂತ ಹೆಸರು,
ಮೈಕನ್ನು ತುಟಿಯಿಂದ ಎರಡು ಬೆರಳು ದೂರ ಇಟ್ಟು ಹೇಳಿದಳು:
ಮೊದಲು ಗೀಟುಗಳ ಜಾಲರಿ, ಆಮೇಲೆ ಪದ.
ಕಂಡ ಕೂಡಲೆ ಓದಿ. ಜೋರಾಗಿ. ಯೋಚಿಸಬೇಡಿ.

ಜಾಲರಿ. ಸ್ಪೂನ್. ಜಾಲರಿ. ಲ್ಯಾಡರ್. ಜಾಲರಿ. ಸಾಲ್ಟ್.
ಗಿರಣಿಯ ಮುಂದೆ ಪಾಳಿ ಹಚ್ಚಿದ ಡಬ್ಬಿಗಳ ಹಾಗೆ
ಒಂದರ ಹಿಂದೊಂದು.
ಕೆಲವು ತಾವೇ ಜಾರಿ ಹೊರಬಿದ್ದವು,
ಕೆಲವಕ್ಕೆ ಹೊಸ್ತಿಲಲ್ಲೇ ಎಡವಿದೆ.
ಕನ್ನಡಕ ಬದಲಿಸಬೇಕು ಅಂದುಕೊಂಡೆ.

ಮುಗಿದ ಮೇಲೆ ಗುಟ್ಟು ಬಿಟ್ಟುಕೊಟ್ಟಳು.
ಜಾಲರಿಗೂ ಪದಕ್ಕೂ ನಡುವೆ ಇನ್ನೊಂದು ಪದ ಇತ್ತಂತೆ,
ಸೆಕೆಂಡಿನ ಇಪ್ಪತ್ತರಲ್ಲೊಂದು ಪಾಲು.
ನೀವು ಅದನ್ನು ನೋಡಿಲ್ಲ, ನಿಮ್ಮ ಬಾಯಿ ನೋಡಿದೆ, ಅಂದಳು.
ಮೊದಲಕ್ಷರ ಒಂದೇ ಆದರೆ ದನಿ ಬೇಗ ಹೊರಡುತ್ತೆ,
ಬೇರೆಯಾದರೆ ಕೂದಲೆಳೆಯಷ್ಟು ತಡ.

ಕೂಪನ್ನು ಮಡಿಸುತ್ತ ಕೂತೇಬಿಟ್ಟೆ.

ನನ್ನ ಕಸುಬೇ ಹೆಸರು ಕೂಗುವುದು.
ಕ್ರೌನ್ ಸ್ಟ್ರೀಟಿನ ಹಲ್ಲಿನ ಆಸ್ಪತ್ರೆಯ ಕೌಂಟರಿನಲ್ಲಿ
ಹನ್ನೊಂದು ವರ್ಷ.
ಬರೀ ಸಾಲು ತುಂಬಿಸಲು ಕಲಿತಿದ್ದ ಙಕಾರ
ವಿಯೆಟ್ನಾಮಿನ ಅಜ್ಜಿ ಙುಯೆನ್ ಬಂದ ದಿನ
ಮೊದಲ ಸಲ ಸಂಬಳ ಪಡೆಯಿತು.

ಸ್ಟೋಯಾನ್‌ನನ್ನು ಸ್ಟೋಜನ್ ಅಂತಲೇ ಕೂಗಿದ್ದೆ ಮೊದಲು.
ಮುದುಕ ಕೌಂಟರಿಗೆ ಮೊಣಕೈ ಊರಿ,
ಆ ಜೆ ಇದೆಯಲ್ಲ, ಅದು ಯ ಕಣಮ್ಮ, ಅಂದ.
ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ
ಯಾರೂ ಸರಿಯಾಗಿ ಕರೆಯಲಿಲ್ಲ, ನೀನಾದರೂ ಕರಿ.
ಕರೆದೆ. ಆರು ತಿಂಗಳಿಗೊಮ್ಮೆ, ಅಕ್ಕರೆಯಿಂದ.
ಅವನು ಹೊರಗೆ ಸಿಗರೇಟು ಸೇದುತ್ತ ನಿಂತಿರುತ್ತಿದ್ದ,
ಹೆಂಡತಿ ಟ್ರೆಂಡಫಿಲ್ಕಾ ಬಾಗಿಲಿಗೆ ಹೋಗಿ
ಕೈ ಬೀಸಿ ಕರೆತರುತ್ತಿದ್ದಳು.

ಮೇ ತಿಂಗಳಲ್ಲಿ ಅವನು ತೀರಿಹೋದ.
ಜುಲೈನಲ್ಲಿ ಅವಳು ಒಬ್ಬಳೇ ಬಂದು
ಮೀನಿನ ತೊಟ್ಟಿಯ ಪಕ್ಕ ಕೂತಿದ್ದಳು.
ನನ್ನ ಕೈಲಿದ್ದ ಚೀಟಿ ಸ್ಟೀವನ್‌ನದು,
ಬೇರೆ ಯಾರೋ, ಗಾರೆ ಕೆಲಸದವನು.
ಬಾಯಿ ತೆರೆದೆ. ಬಂದದ್ದು
ಸ್ಟೋಯಾನ್.

ಅವಳು ಎದ್ದಳು.
ಅಳಲಿಲ್ಲ, ಬೆಚ್ಚಲೂ ಇಲ್ಲ,
ಬ್ಯಾಗು ಕುರ್ಚಿಯಲ್ಲೇ ಬಿಟ್ಟು
ಎರಡು ಹೆಜ್ಜೆ ಬಾಗಿಲ ಕಡೆ,
ಕರೆಯಲು ಕೈ ಅರ್ಧ ಎತ್ತಿ.

ಅಲ್ಲೇ ನಿಂತಳು.
ಗಾರೆಯವನೂ ಅರ್ಧ ಎದ್ದು ನಿಂತಿದ್ದ.
ತೊಟ್ಟಿಯ ಪಂಪು ಮಾತ್ರ ಗುಳುಗುಳು ಅನ್ನುತ್ತಿತ್ತು.

ವಯಸ್ಸಾಯಿತು ನನಗೆ ಅಂತ ಬೈದುಕೊಂಡಿದ್ದೆ ಇಷ್ಟು ದಿನ.
ಈಗ ನೆನಪಾಗುತ್ತಿದೆ, ಹೌದೋ ಅಲ್ಲವೋ,
ಹಳೆಯ ಪಟ್ಟಿ ಮುಚ್ಚುವಾಗ ಪರದೆಯ ಮೂಲೆಯಲ್ಲಿ
ತಪಾಸಣೆ ಬಾಕಿ ಎಂಬ ಸಾಲೊಂದು
ಹಲ್ಲಿಯ ಬಾಲದಂತೆ ಸರಿದು ಹೋದದ್ದು.

ಕೂಪನ್ನಿನ ಬೆನ್ನಿಗೆ ಬರೆದೆ, ಸ್ಟೀ, ಸ್ಟೋ.
ಒಂದರ ತಲೆಗೆ ಗುಡಿಸು, ಇನ್ನೊಂದಕ್ಕೆ ಓತ್ವ,
ಎರಡರ ಕಾಲಡಿಯೂ ಅದೇ ಟ ಒತ್ತು.
ಬಾಯಿ ಸ್ ದಾಟಿ, ಟ್ ದಾಟಿ, ಕಡೆಗೆ ಸ್ವರ ಮುಟ್ಟಬೇಕು.
ಕಣ್ಣಿಗೆ ಅದು ಮೊದಲೇ ಸಿಕ್ಕಿರುತ್ತೆ.
ಒಂದನೇ ಇಯತ್ತೆಯಿಂದ ನಾವು ಓದುವುದೇ ಹೀಗೆ,
ಇನ್ನೂ ಬಾರದ ದನಿಯನ್ನು ತಲೆಯ ಮೇಲೆ ಹೊತ್ತು.

ಏನಾದರೂ ಕೇಳಬೇಕಾ ಅಂದಳು ಹೆಟ್ಟಿ.
ಆ ಕಾಣದ ಪದ ಒಳಗೆ ಎಷ್ಟು ಹೊತ್ತು ಇರುತ್ತೆ?
ಸೆಕೆಂಡೂ ಇಲ್ಲ, ಆಗಲೇ ಅಳಿಸಿಹೋಗಿದೆ,
ಅಂದು ಮೈಕಿನ ವೈರು ಸುತ್ತತೊಡಗಿದಳು.

ಗುರುವಾರ ಹತ್ತು ನಲವತ್ತಕ್ಕೆ ಟ್ರೆಂಡಫಿಲ್ಕಾಳ ಸರದಿ.
ಪರದೆ ಪೂರ್ತಿ ನಿಲ್ಲುವವರೆಗೆ ಕಾದೆ.
ಹೆಸರನ್ನು ಎರಡು ಸಲ ಮನಸ್ಸಲ್ಲೇ ಓದಿ
ಆಮೇಲೆ ಕೂಗಿದೆ. ತಪ್ಪಲಿಲ್ಲ.

ಅವಳು ಮೊದಲು ಬಾಗಿಲ ಕಡೆ ನೋಡಿ
ಆಮೇಲೆ ಎದ್ದಳು.
ನಾನು ಅವಸರ ಮಾಡಲಿಲ್ಲ.